ಕನ್ನಡ ಅಂಕಿ ಬದಲಿಸಲು ಪೈಥಾನ್‌ನಲ್ಲಿ ಯಾವ ದಾರಿ ವೇಗ?

ನನ್ನ ಹತ್ತಿರ ಟೈಪ್ ಮಾಡಿಸಿದ ಹಳೆಯ ಲೇಖನಗಳಿವೆ. ಒಂದರಲ್ಲಿ ೧೯೫೬ ಎಂದಿದ್ದರೆ ಇನ್ನೊಂದರಲ್ಲಿ 1956. ಒಂದನ್ನು ಹುಡುಕಿದರೆ ಮತ್ತೊಂದು ಸಿಗುವುದಿಲ್ಲ. ಅದಕ್ಕೇ ಕನ್ನಡ ಅಂಕಿಗಳನ್ನೆಲ್ಲ 0-9ಕ್ಕೆ ಬದಲಿಸಲು ಕೂತೆ. ಒಂದೇ ಫೈಲಿನ ಮೇಲೆ ಬೇರೆ ಬೇರೆ ದಾರಿ ಹಿಡಿದು, ಕೋಡ್ ಓಡಲು ಹಿಡಿಯುವ ಸಮಯ ಅಳೆಯುವ ಪೈಥಾನ್‌ನ ಟೈಮ್‌ಇಟ್‌ನಲ್ಲಿ ಅಳೆದೆ.

ಎಲ್ಲರೂ ಮೊದಲು ಹೇಳುವುದು ಟ್ರಾನ್ಸ್‌ಲೇಟ್, ಅಂದರೆ ಪಟ್ಟಿ ನೋಡಿ ಅಕ್ಷರ ಬದಲಿಸುವ ಪೈಥಾನ್ ಫಂಕ್ಷನ್. ಆ ಪಟ್ಟಿ ಮಾಡಿಕೊಡುವ ಮೇಕ್‌ಟ್ರಾನ್ಸ್‌ಗೆ ಹತ್ತು ಅಂಕಿ, ಅವುಗಳ ಬದಲಿ ಕೊಟ್ಟರೆ ಸಾಕು, ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಓದಲೂ ಚೆಂದ. ಆದರೆ ನನ್ನ ಫೈಲಿನಲ್ಲಿ ಇದೇ ಎಲ್ಲಕ್ಕಿಂತ ನಿಧಾನವಾಯಿತು. ಪಠ್ಯ ಬರೀ ಆಸ್ಕಿ (ಇಂಗ್ಲಿಷ್ ಅಕ್ಷರ, 0-9, ಚಿಹ್ನೆಗಳು) ಆಗಿದ್ದರೆ ಸಿಪೈಥಾನ್, ಅಂದರೆ ನಾವು ಸಾಮಾನ್ಯವಾಗಿ ಬಳಸುವ ಪೈಥಾನ್, ಒಮ್ಮೆ ಕಂಡ ಅಕ್ಷರದ ಉತ್ತರವನ್ನು 128 ಮನೆಗಳ ಪುಟ್ಟ ಪಟ್ಟಿಯಲ್ಲಿ ನೆನಪಿಟ್ಟುಕೊಳ್ಳುತ್ತದೆ. ಕನ್ನಡಕ್ಕೆ ಆ ಅನುಕೂಲ ಇಲ್ಲ. ಪ್ರತಿ ಅಕ್ಷರಕ್ಕೂ ಮೇಕ್‌ಟ್ರಾನ್ಸ್ ಕೊಟ್ಟ ಡಿಕ್ಷನರಿಯನ್ನು (ಯಾವುದಕ್ಕೆ ಯಾವುದು ಎಂಬ ಪಟ್ಟಿಯನ್ನು) ಕೇಳಬೇಕು. ‘ಕ’ ಅದರಲ್ಲಿ ಇಲ್ಲದಿದ್ದರೆ ಒಳಗೊಳಗೇ ಕೀಎರರ್ (‘ಇದು ಪಟ್ಟಿಯಲ್ಲಿ ಇಲ್ಲ’ ಎಂಬ ದೋಷ) ಹುಟ್ಟುತ್ತದೆ, ಅದನ್ನು ಅಳಿಸಿ ಅಕ್ಷರವನ್ನು ಹಾಗೇ ಬಿಡುತ್ತದೆ. ಪುಟಕ್ಕೆ ನಾಲ್ಕೈದು ಅಂಕಿ ಬದಲಿಸಲು ಇಷ್ಟೆಲ್ಲ ಓಡಾಟ ಜಾಸ್ತಿ ಆಯಿತು, ಅಲ್ವಾ?

ಆಮೇಲೆ ಒಂದನ್ನು ಹುಡುಕಿ ಇನ್ನೊಂದನ್ನು ಇಡುವ ರಿಪ್ಲೇಸ್, ಅಂಕಿಗೊಂದರಂತೆ ಸಾಲಾಗಿ ಹತ್ತು ಸಲ. ಪಠ್ಯವನ್ನು ಹತ್ತು ಸಲ ಓದುವುದರಿಂದ ಇದೇ ಸೋಲುತ್ತದೆ ಅಂದುಕೊಂಡಿದ್ದೆ. ಇದೇ ಗೆದ್ದಿತು! ಹುಡುಕಾಟ ಪೂರ್ತಿ ಸಿ ಭಾಷೆಯಲ್ಲಿ ಓಡುತ್ತದೆ. ಆ ಅಂಕಿ ಪಠ್ಯದಲ್ಲಿ ಇಲ್ಲದಿದ್ದರೆ ನಕಲು ಕೂಡ ಮಾಡದೆ ಅದೇ ಸ್ಟ್ರಿಂಗ್ (ಪಠ್ಯ) ವಾಪಸ್ ಬರುತ್ತದೆ. ಒಂದು ಎಚ್ಚರ: ‘ಳ’ವನ್ನು ‘ಲ’ ಮಾಡಿ, ‘ಲ’ವನ್ನು ‘ಳ’ ಮಾಡುವಂಥ ಅದಲುಬದಲಿಗೆ ಇದು ಬೇಡ. ಎರಡನೇ ಸಲಕ್ಕೆ ಮೊದಲಿನದೂ ತಿರುಗಿಬಿಡುತ್ತದೆ.

ಒಂದು ನಮೂನೆ ಕೊಟ್ಟು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಇವೆರಡರ ನಡುವೆ ನಿಂತಿತು. ಸಿಕ್ಕ ಪ್ರತಿ ಅಂಕಿಗೂ ಪೈಥಾನ್ ಫಂಕ್ಷನ್ ಕರೆಯುವುದರಿಂದ ಲೆಕ್ಕಪತ್ರದಂಥ ಫೈಲಿಗೆ ಇದು ಭಾರ. ಪಠ್ಯವನ್ನು ಸಂಖ್ಯೆ ಮಾಡುವ ಪೈಥಾನ್‌ನ ಇಂಟ್ ಕನ್ನಡ ಅಂಕಿಯನ್ನು ನೇರವಾಗಿ ಓದುತ್ತದೆ ಎಂದು ಖುಷಿಯಿಂದ, ಒಟ್ಟಿಗಿರುವ ಅಂಕಿಗಳನ್ನು ಒಂದೇ ಸಂಖ್ಯೆಯಾಗಿ ಹಿಡಿದು ಅದನ್ನೇ ಒಳಗೆ ಬಳಸಿದೆ. ಬೆಂಗಳೂರಿನ ಫೋನ್ ಕೋಡ್ ೦೮೦ ಹೋಗಿ 80 ಆಯಿತು! ಮೊದಲಿನ ಸೊನ್ನೆ ಉಳಿಯಬೇಕಾದ ಕಡೆ ಇಂಟ್ ಬಳಸಬೇಡಿ.

ಪಠ್ಯವನ್ನು ಬೈಟ್‌ಗಳಾಗಿ ಇಟ್ಟುಕೊಳ್ಳುವ ಬೈಟ್ಸ್‌ಗೂ ಒಂದು ಟ್ರಾನ್ಸ್‌ಲೇಟ್ ಇದೆ, ಅದು ತುಂಬ ವೇಗದ್ದು. ಆದರೆ ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಅಂಕಿಗೆ 3 ಬೈಟ್ ಬೇಕು, ಅದು ಒಂದೊಂದೇ ಬೈಟ್ ನೋಡುತ್ತದೆ. ನಮಗೆ ಉಪಯೋಗಕ್ಕೆ ಬರುವುದಿಲ್ಲ.

ಕೊನೆಗೆ ಮೊದಲಿನ ಟ್ರಾನ್ಸ್‌ಲೇಟ್‌ಗೇ ಮರಳಿ ಅದರ ಡಿಕ್ಷನರಿಯ ಪಟ್ಟಿ ತುಂಬಿಸಿದೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ ಜಾಗ 3200ರಿಂದ 3327. ಅಷ್ಟನ್ನೂ, ಜೊತೆಗೆ ಆಸ್ಕಿಯನ್ನೂ ತಮಗೆ ತಾವೇ ಉತ್ತರವಾಗಿ ಇಟ್ಟು, 3302ರಿಂದ 3311ರವರೆಗಿನ ಅಂಕಿಗಳನ್ನು ಮಾತ್ರ ಬದಲಿಸಿದೆ. ಕೀಎರರ್ ಕಾಟ ತಪ್ಪಿತು, ವೇಗ ಚೆನ್ನಾಗಿಯೇ ಏರಿತು. ರಿಪ್ಲೇಸ್ ಅನ್ನು ಮಾತ್ರ ಹಿಂದೆ ಹಾಕಲಿಲ್ಲ.

ಅಂಕಿಗಳಿಗೆ ಈಗ ನಾನು ಬಳಸುವುದು ರಿಪ್ಲೇಸ್. ದೇವನಾಗರಿ ಅಕ್ಷರಗಳನ್ನು ಕನ್ನಡಕ್ಕೆ ತರುವಾಗ ಹೆಚ್ಚುಕಡಿಮೆ ಪ್ರತಿ ಅಕ್ಷರವೂ ಬದಲಾಗಬೇಕು. ಅಲ್ಲಿ ತುಂಬಿದ ಪಟ್ಟಿಯ ಟ್ರಾನ್ಸ್‌ಲೇಟ್ ಇಟ್ಟುಕೊಂಡಿದ್ದೇನೆ.