ಘಟ್ಟ ಇಳಿದ ಕುದುರೆಗೆ ಸಿಕ್ಕ ಹಟ್ಟಿ

ಪರ್ಕಳದಿಂದ ಹಿರಿಯಡ್ಕದ ಕಡೆಗೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಈ ಲಾಯಕ್ಕೆ ಫಲಕವಿಲ್ಲ. ಊರಿನವರನ್ನು ಕೇಳಿದರೆ "ಓ, ಕುದುರೆ ಹಟ್ಟಿಯಾ?" ಎಂದು ದಾರಿ ತೋರಿಸುತ್ತಾರೆ. ನನ್ನ ಕಪಿಲೆ ಇಲ್ಲಿಗೆ ಬಂದು ಹದಿನಾಲ್ಕು ತಿಂಗಳಾಯಿತು. ಒಂದು ಪೂರ್ತಿ ಬೇಸಗೆ, ಒಂದು ಪೂರ್ತಿ ಮಳೆಗಾಲ ಕಳೆದ ಮೇಲೆಯೇ ಬರೆಯಬೇಕೆಂದು ಕಾದಿದ್ದೆ. ಕರಾವಳಿಯ ಲಾಯದ ಯೋಗ್ಯತೆ ಗೊತ್ತಾಗುವುದು ಮಳೆ ಜೋರಾಗಿ ಸುರಿಯುವ ಆಟಿ ತಿಂಗಳಲ್ಲಿ. ಇದಕ್ಕೂ ಮೊದಲು ಬೇರೊಂದು ಲಾಯವನ್ನು ಏಪ್ರಿಲ್‌ನಲ್ಲಿ ನೋಡಿ ಮೆಚ್ಚಿಕೊಂಡದ್ದಕ್ಕೆ ನಾನು ದಂಡ ತೆತ್ತಿದ್ದೇನೆ, ನನಗಿಂತ ಹೆಚ್ಚಾಗಿ ಕಪಿಲೆ ತೆತ್ತಿದ್ದಾಳೆ.

ಕಪಿಲೆ ಹನ್ನೊಂದು ವರ್ಷದ ಕಂದು ಹೆಣ್ಣುಕುದುರೆ. ಐದನೆಯ ವಯಸ್ಸಿಗೆ ಓಟ ಬಿಟ್ಟವಳು, ಆಮೇಲೆ ಮೈಸೂರಿನಲ್ಲಿ ನನ್ನ ಜೊತೆಗೇ ಇದ್ದವಳು. ಬ್ಯಾಂಕಿನಿಂದ ಮಣಿಪಾಲಕ್ಕೆ ವರ್ಗಾವಣೆಯ ಆದೇಶ ಬಂದಾಗ ಕೈಯಲ್ಲಿದ್ದದ್ದು ಮೂರು ವಾರ. ಎರಡು ಭಾನುವಾರ ಬಸ್ಸಿನಲ್ಲಿ ಬಂದು ಸುರತ್ಕಲ್‌ನಿಂದ ಬ್ರಹ್ಮಾವರದವರೆಗೆ ಅಲೆದೆ. ಕೊನೆಗೆ ಒಪ್ಪಿದ ಜಾಗ ಕಡಲಿನಿಂದ ಅರ್ಧ ಕಿಲೋಮೀಟರ್ ದೂರದಲ್ಲಿತ್ತು. ಬಿಳಿ ಬಣ್ಣದ ಬೇಲಿ, ಮರಳು ಹಾಸಿದ ಸವಾರಿ ಅಂಗಣ, ಗೋಡೆಗೆ ಸಾಲಾಗಿ ತೂಗುಹಾಕಿದ ಜೀನು, ಲಗಾಮುಗಳು. ಕೋಣೆಯ ಸಿಮೆಂಟ್ ನೆಲ ಹೊರಗಿನ ಅಂಗಳದ ಮಟ್ಟಕ್ಕೇ ಇತ್ತು. ಅದು ಕಣ್ಣಿಗೆ ಬಿದ್ದಿತ್ತು, ಬುದ್ಧಿಗೆ ತಾಗಲಿಲ್ಲ. ಮೈಸೂರಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 800 ಮಿಲಿಮೀಟರ್ ಮಳೆ. ಉಡುಪಿಯಲ್ಲಿ ಅದು 4,000 ಮಿಲಿಮೀಟರ್ ಆಸುಪಾಸು, ಬಹುಪಾಲು ನಾಲ್ಕೇ ತಿಂಗಳಲ್ಲಿ.

ಜುಲೈ ಮೊದಲ ಭಾನುವಾರ ಅವಳ ಎಡ ಹಿಂಗಾಲನ್ನು ಮಡಿಲಿಗೆ ಎತ್ತಿಕೊಂಡು ಗೊರಸನ್ನು ಕೊಕ್ಕೆಯಿಂದ ಕೆರೆದೆ. ಗೊರಸಿನ ಅಡಿಯಲ್ಲಿ ನಡುವೆ ರಬ್ಬರಿನಂಥ ಮುಕ್ಕೋನದ ಭಾಗವೊಂದಿರುತ್ತದೆ, ಕುದುರೆಯವರು ಅದನ್ನು ಫ್ರಾಗ್ ಎನ್ನುತ್ತಾರೆ. ಅದರ ಎರಡೂ ಬದಿಯ ಸಂದಿನಿಂದ ಕಪ್ಪು ಲೇಹದಂಥದ್ದು ಹೊರಬಂತು. ಮೂಗು ಮುಚ್ಚಿಕೊಳ್ಳುವಷ್ಟು ಕೊಳೆತ ವಾಸನೆ. ಕೊಕ್ಕೆಯ ತುದಿ ನಡುವಿನ ಸೀಳಿಗೆ ತಾಗಿದ್ದೇ ತಡ, ಎಂದೂ ಕಾಲು ಝಾಡಿಸದ ಕಪಿಲೆ ಕಾಲನ್ನು ಕಿತ್ತುಕೊಂಡಳು. ಥ್ರಶ್ ಎಂಬ ಈ ಕೊಳೆತಕ್ಕೆ ಮೂಲ ಒದ್ದೆ ನೆಲ, ಸಗಣಿ, ಗಂಜಳ. ಐದು ವಾರ ಅವಳು ಒದ್ದೆಯಲ್ಲೇ ನಿಂತಿದ್ದಳು. ವಾರಕ್ಕೊಮ್ಮೆ ಸವಾರಿಗೆ ಹೋಗಿ ಬರುತ್ತಿದ್ದ ನಾನು ಗೊರಸು ಎತ್ತಿ ನೋಡಿರಲಿಲ್ಲ. ಅಲ್ಲಿಯವರನ್ನು ಕೇಳಿದರೆ "ಮಳೆಗಾಲದಲ್ಲಿ ಎಲ್ಲ ಕುದುರೆಗೂ ಹೀಗೇ" ಎಂಬ ಉತ್ತರ. ಆಗಸ್ಟ್ ಮೊದಲ ವಾರ ಅಲ್ಲಿಂದ ಬಿಡಿಸಿಕೊಂಡು ಬಂದೆ.

ಈ ಹಟ್ಟಿಯ ಯಜಮಾನರು, ನಾವೆಲ್ಲ ಶೆಟ್ಟರು ಎಂದೇ ಕರೆಯುವವರು, ತಲೆಮಾರಿನಿಂದ ಕಂಬಳದ ಕೋಣ ಸಾಕಿದ ಮನೆತನದವರು. ಕುದುರೆಗಳು ಬಂದದ್ದು ಈಚೆಗೆ, ಒಟ್ಟು ನಾಲ್ಕು ಕೋಣೆ. ರಸ್ತೆಯ ಕೊನೆಯ ಮುನ್ನೂರು ಮೀಟರ್ ಲಾರಿ ಬರಲಾರದ್ದರಿಂದ ಸುರಿಯುವ ಮಳೆಯಲ್ಲಿ ಕಪಿಲೆಯನ್ನು ನಡೆಸಿಕೊಂಡೇ ಬಂದೆವು. ಶೆಟ್ಟರು ಜಗಲಿಯಿಂದ ಇಳಿದು ಬಂದವರು ಮೊದಲು ಆರೋಗ್ಯ ಪ್ರಮಾಣಪತ್ರ ಕೇಳಿದರು. ಗ್ಲ್ಯಾಂಡರ್ಸ್ ರೋಗ ಮನುಷ್ಯರಿಗೂ ಹರಡುವಂಥದ್ದು, ಅದರ ರಕ್ತಪರೀಕ್ಷೆ ಆಗಿದೆಯೇ ಎಂದು ವಿಚಾರಿಸಿದರು. ಹಿಂದಿನ ಜಾಗದಲ್ಲಿ ಆ ಕಾಗದವನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಗೊರಸು ಎತ್ತಿ, ಹೆಬ್ಬೆರಳಿನಿಂದ ಒತ್ತಿ, ಮೂಗಿನ ಹತ್ತಿರ ತಂದು ಮೂಸಿದರು.

"ಮೇಡಂ, ಇದು ಮೊದಲು ಒಣಗಬೇಕು. ಮದ್ದು ಆಮೇಲೆ."

ಹದಿನೈದು ದಿನ ಉಳಿದ ಕುದುರೆಗಳಿಂದ ದೂರ, ಭತ್ತ ತುಂಬುತ್ತಿದ್ದ ಹಳೆಯ ಕೋಣೆಯಲ್ಲಿ ಅವಳನ್ನು ಕಟ್ಟಿದರು. ಶೆಟ್ಟರಿಗೆ ಅಡಿಕೆಯ ಕೊಳೆರೋಗಕ್ಕೆ ಬಳಸುವ ಮೈಲುತುತ್ತವನ್ನೇ ಹಚ್ಚುವ ಮನಸ್ಸಿತ್ತು. ಪಶುವೈದ್ಯರು ಅಯೋಡಿನ್ ಹೇಳಿದರು, ವೈದ್ಯರ ಮಾತಿನಂತೆಯೇ ನಡೆಯಿತು. ದಿನಕ್ಕೆರಡು ಸಲ ಕೆರೆದು, ತೊಳೆದು, ಬಟ್ಟೆಯಿಂದ ಒರೆಸಿ, ಅಯೋಡಿನ್‌ನಲ್ಲಿ ಅದ್ದಿದ ಹತ್ತಿಯನ್ನು ಸಂದಿಗೆ ತುರುಕುವುದು. ಮೂರನೆಯ ವಾರ ವಾಸನೆ ಹೋಯಿತು.

ಕಟ್ಟಡವನ್ನು ನಾನು ಈಗಲೂ ನಿಂತು ನೋಡುತ್ತೇನೆ. ಮುರಕಲ್ಲಿನ ತಳಪಾಯ ಅಂಗಳಕ್ಕಿಂತ ಎರಡಡಿ ಎತ್ತರ. ನೆಲ ಹಿಂದಿನ ಚರಂಡಿಯ ಕಡೆಗೆ ಇಳಿಜಾರು, ಮೇಲೆ ದನದ ಕೊಟ್ಟಿಗೆಗೆ ಹಾಸುವ ರಬ್ಬರ್ ಚಾಪೆ, ಅದರ ಮೇಲೆ ಮರದ ಹುಡಿ. ಆ ಹುಡಿಯನ್ನು ಮೇ ತಿಂಗಳಲ್ಲೇ ಮರದ ಮಿಲ್ಲಿನಿಂದ ತಂದು ಅಟ್ಟಕ್ಕೆ ಏರಿಸುತ್ತಾರೆ, ಜೂನ್ ದಾಟಿದರೆ ಒಣ ಹುಡಿ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಹಂಚಿನ ಮಾಡು, ಗಾಳಿಮಳೆ ಹೊಡೆಯುವ ಪಡುವಣ ಬದಿಗೆ ತೆಂಗಿನ ಮಡಲಿನ ತಟ್ಟಿ. ಕೋಣೆಗಳು ಹನ್ನೆರಡಡಿಗೆ ಹನ್ನೆರಡಡಿ, ಕುದುರೆ ಆರಾಮವಾಗಿ ಮಲಗಿ ಏಳಬಹುದು. ಮೇಯಲು ಬಿಡುವುದು ಎತ್ತರದ ಬೆಟ್ಟು ಗದ್ದೆಯಲ್ಲಿ, ಮಳೆ ನಿಂತ ಅರ್ಧ ಗಂಟೆಯಲ್ಲಿ ಅಲ್ಲಿ ನೀರಿರುವುದಿಲ್ಲ. ತಗ್ಗಿನ ಬೈಲು ಗದ್ದೆಗೆ ಮಳೆಗಾಲ ಮುಗಿಯುವವರೆಗೆ ಕುದುರೆಗಳನ್ನು ಇಳಿಸುವುದೇ ಇಲ್ಲ. ಗದ್ದೆಯ ಅಂಚಿನ ಎರಡು ತೆಂಗಿನ ಮರಗಳು ನನಗೆ ಭಯ ಹುಟ್ಟಿಸಿದ್ದವು. ಹೇಳಿದ ಮರುವಾರವೇ ಬೇಲಿಯನ್ನು ಒಳಕ್ಕೆ ಸರಿಸಿದರು.

ಕೋಣ ಸಾಕಿದ ಕೈ ಎಂಬುದು ಇಲ್ಲಿಯ ದೊಡ್ಡ ಬಲ, ಆದರೆ ಕೋಣಕ್ಕೆ ಒಗ್ಗಿದ್ದೆಲ್ಲ ಕುದುರೆಗೆ ಒಗ್ಗುವುದಿಲ್ಲ. ಮೊದಲ ತಿಂಗಳು ಸಂಜೆ ಸೊಳ್ಳೆ, ನೊಣಕ್ಕೆಂದು ಹಟ್ಟಿಯಲ್ಲಿ ಹೊಗೆ ಹಾಕುತ್ತಿದ್ದರು. ಕಪಿಲೆ ಕೆಮ್ಮತೊಡಗಿದಾಗ ನಾನು ಗಟ್ಟಿಯಾಗಿಯೇ ಆಕ್ಷೇಪಿಸಿದೆ. ಎರಡು ದಿನ ಮುನಿಸಿಕೊಂಡಿದ್ದ ಶೆಟ್ಟರು ಮೂರನೆಯ ದಿನ ಬಲೆ ಮತ್ತು ಎರಡು ದೊಡ್ಡ ಫ್ಯಾನ್ ತಂದು ಹಾಕಿದರು. ಮೇವಿನ ವಿಷಯದಲ್ಲಿ ಮಾತ್ರ ನಾನು ಹೇಳುವ ಮೊದಲೇ ಅವರಿಗೆ ಗೊತ್ತಿತ್ತು. ದನಕರುಗಳ ಮೇವಿನ ಕೆಲವು ಮಿಶ್ರಣಗಳಿಗೆ ಸೇರಿಸುವ ಮೊನೆನ್ಸಿನ್ ಕುದುರೆಗೆ ವಿಷ. ಆದ್ದರಿಂದ ಕೋಣದ ಹಿಂಡಿ ಬೇರೆ ಕೋಣೆಯಲ್ಲಿ, ಅಳೆಯುವ ಸೇರು ಕೂಡ ಬೇರೆ. ಬೂಸಲು ಹಿಡಿದ ಬೈಹುಲ್ಲಿನ ಒಂದು ಎಳೆ ಕಂಡರೂ ಇಡೀ ಕಂತೆ ಗೊಬ್ಬರದ ಗುಂಡಿಗೆ ಹೋಗುತ್ತದೆ. ಕುದುರೆ ವಾಂತಿ ಮಾಡಲಾರದ ಪ್ರಾಣಿ, ತಿಂದದ್ದು ಕೆಟ್ಟಿದ್ದರೆ ಹೊರಹಾಕುವ ದಾರಿಯಿಲ್ಲ.

ಪ್ರತಿ ಕೋಣೆಯ ಬಾಗಿಲಿಗೂ ಒಂದು ಸ್ಲೇಟು ನೇತುಹಾಕಿದ್ದಾರೆ. ಎಷ್ಟು ಬಕೆಟ್ ನೀರು ಕುಡಿಯಿತು, ಎಷ್ಟು ಹೊತ್ತಿಗೆ ಲದ್ದಿ ಹಾಕಿತು, ಎಷ್ಟು ಹುಲ್ಲು ಉಳಿಸಿತು ಎಂದು ಸೀಮೆಸುಣ್ಣದಲ್ಲಿ ಗೀಟು. ಫೆಬ್ರುವರಿಯ ಒಂದು ರಾತ್ರಿ ಹತ್ತು ಗಂಟೆಗೆ ಫೋನ್ ಬಂತು: "ಮೇಡಂ, ನಾಲ್ಕು ಗಂಟೆಯ ಮೇಲೆ ಸ್ಲೇಟಿನಲ್ಲಿ ಗೀಟಿಲ್ಲ. ಹೊಟ್ಟೆಯ ಕಡೆಗೆ ತಿರುಗಿ ತಿರುಗಿ ನೋಡುತ್ತಿದ್ದಾಳೆ." ನಾನು ತಲುಪುವಷ್ಟರಲ್ಲಿ ಮೇವನ್ನೆಲ್ಲ ತೆಗೆಸಿ, ವೈದ್ಯರನ್ನು ಕರೆಸಿ, ಅಂಗಳದಲ್ಲಿ ನಿಧಾನವಾಗಿ ನಡೆಸುತ್ತಿದ್ದರು. ವಿಶ್ರಾಂತಿಯಲ್ಲಿ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44 ಇರಬೇಕು, ಅವಳದು 60 ದಾಟಿತ್ತು. ನೋವಿನ ಚುಚ್ಚುಮದ್ದು ಕೊಟ್ಟು, ಮೂಗಿನ ಮೂಲಕ ಹೊಟ್ಟೆಗೆ ಕೊಳವೆ ಇಳಿಸಿದರು. ಬೆಳಗಿನ ಜಾವ ಮೂರೂವರೆಗೆ ಲದ್ದಿ ಬಿತ್ತು. ಬಿಸಿ ಬಿಸಿ ಲದ್ದಿಯನ್ನು ಶೆಟ್ಟರು ಕೈಯಲ್ಲೇ ಒಡೆದು ನೋಡಿ, ಸ್ಲೇಟಿನ ಮೇಲೆ ಗೀಟು ಎಳೆದರು. ನಾನು ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ.

ಕೊರತೆಗಳೂ ಇವೆ. ಸವಾರಿಗೆ ಪ್ರತ್ಯೇಕ ಅಂಗಣವಿಲ್ಲ, ಮಳೆಗಾಲದಲ್ಲಿ ವಾರಗಟ್ಟಲೆ ಕೈಯಲ್ಲಿ ಹಿಡಿದು ನಡೆಸುವುದಷ್ಟೇ. ಲಾಳ ಹೊಡೆಯುವವರು ಘಟ್ಟದ ಮೇಲಿಂದ ಬರಬೇಕು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕಾದಲ್ಲಿ ಒಮ್ಮೆ ಹತ್ತು ವಾರವಾಯಿತು. ಅದಕ್ಕೆ ಶೆಟ್ಟರು ಇನ್ನೂ ಸರಿಯಾದ ವ್ಯವಸ್ಥೆ ಮಾಡಿಲ್ಲ, ಮಾಡಲೇಬೇಕು. ಕುದುರೆ ಮಸಾಲೆ ಸೊಪ್ಪೂ (ಲೂಸರ್ನ್ ಎಂಬ ಹಸಿರು ಮೇವು) ಘಟ್ಟ ಇಳಿದೇ ಬರುತ್ತದೆ, ಘಾಟಿ ರಸ್ತೆ ಕುಸಿದ ವಾರ ಸೊಪ್ಪಿಲ್ಲ. ತಿಂಗಳಿಗೆ ನಾನು ಕೊಡುವುದು 15,000 ರೂಪಾಯಿ, ಲಾಳ ಮತ್ತು ಮದ್ದಿನ ಖರ್ಚು ಬೇರೆ. ಮೊದಲಿನ ಜಾಗದಲ್ಲಿ ಕೊಟ್ಟದ್ದಕ್ಕಿಂತ ಇದು ಮೂರು ಸಾವಿರ ಕಡಿಮೆ.

ಬೇಸಗೆಯ ಬಗ್ಗೆ ಒಂದು ಮಾತು. ಕರಾವಳಿಯ ಸೆಕೆಗೆ ಕೆಲವು ಕುದುರೆಗಳು ಬೆವರುವುದನ್ನೇ ನಿಲ್ಲಿಸುತ್ತವೆ, ಮೈ ಕಾದು ಏದುಸಿರು ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಶೆಟ್ಟರು ದಿನವೂ ಅವಳ ಕಿವಿಯ ಬುಡ, ಹೆಗಲು ಸವರಿ ಅಂಗೈ ಒದ್ದೆಯಾಯಿತೇ ಎಂದು ನೋಡುತ್ತಿದ್ದರು. ನೀರಿನ ಬಕೆಟ್ಟಿನ ಪಕ್ಕ ಕಲ್ಲುಪ್ಪು ಸದಾ ಇರುತ್ತದೆ.

ಮೇಲಿನಿಂದ ಕುದುರೆ ತರುವವರಿಗೆ ನನ್ನ ಪ್ರಯಾಣದ ಅನುಭವವೂ ಉಪಯೋಗಕ್ಕೆ ಬಂದೀತು. ನಾವು ಬಂದದ್ದು ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ದಾರಿಯಲ್ಲಿ. ಲಾರಿಯಲ್ಲಿ ತಲೆಯನ್ನು ಎತ್ತರಕ್ಕೆ ಬಿಗಿಯಾಗಿ ಕಟ್ಟಲು ಬಿಡಬೇಡಿ. ತಲೆ ತಗ್ಗಿಸಲಾಗದಿದ್ದರೆ ಉಸಿರಿನ ದಾರಿಯ ಕಫ, ಧೂಳು ಹೊರಬರದೆ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಮೂರು ಗಂಟೆಗೊಮ್ಮೆ ನಿಲ್ಲಿಸಿ ನೀರು ತೋರಿಸಿ. ಹೊಸ ಊರಿನ ನೀರು ಮುಟ್ಟದ ಕುದುರೆಗೆ ಬೆಲ್ಲದ ನೀರಿನ ರುಚಿಯನ್ನು ಹೊರಡುವ ಒಂದು ವಾರ ಮೊದಲೇ ಹಿಡಿಸಿದ್ದರೆ ಇಲ್ಲಿ ಸುಲಭವಾಗುತ್ತದೆ, ಕಪಿಲೆ ಹಾಗೆಯೇ ಕುಡಿದಳು. ಹತ್ತು ದಿನಕ್ಕಾಗುವಷ್ಟು ಹಳೆಯ ಮೇವನ್ನು ಜೊತೆಗೇ ತಂದು, ಹೊಸದನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ.

ಈಗ ನಾಲ್ಕನೆಯ ಕೋಣೆ ಖಾಲಿಯಿದೆ. ನೋಡಲು ಬರುವವರು ಪ್ರಮಾಣಪತ್ರದ ಪ್ರತಿ ತನ್ನಿ, ಸಂಜೆ ಐದರೊಳಗೆ ಬನ್ನಿ. ಐದಕ್ಕೆ ಮೇವು ಹಾಕುತ್ತಾರೆ, ಆ ಹೊತ್ತಿನಲ್ಲಿ ಶೆಟ್ಟರು ಯಾರ ಜೊತೆಯೂ ಮಾತನಾಡುವುದಿಲ್ಲ.