ಬ್ರಾಂಪ್ಟನ್ ಹ್ಯಾಂಡಲ್: ಎತ್ತರ ಕೊಳ್ಳುವಾಗಲೇ ತೀರ್ಮಾನವಾಗಬೇಕು

ಬ್ರಾಂಪ್ಟನ್ ಮಡಚುವ ಸೈಕಲ್ಲಿನ ಕೊರತೆಯನ್ನು ಮೊದಲೇ ಹೇಳಿಬಿಡೋಣ: ಹ್ಯಾಂಡಲ್ ಎತ್ತರವನ್ನು ಬೇಕೆಂದಾಗ ಬದಲಾಯಿಸಲು ಬರುವುದಿಲ್ಲ. ಮಡಚುವ ಸೈಕಲ್ ಮಾಡುವ ಇನ್ನೊಂದು ಕಂಪನಿ ಡಾಹಾನ್‌ನ ಕೆಲವು ಮಾದರಿಗಳಲ್ಲಿ ಲಿವರ್ ಸಡಿಲಿಸಿ ಹ್ಯಾಂಡಲ್ ಕಂಬವನ್ನು ಎಳೆಯಬಹುದು. ಇಬ್ಬರು ಮೂವರು ಓಡಿಸುವ ಮನೆಗೆ ಅದೇ ಅನುಕೂಲ, ಆದರೆ ಕೀಲು ಒಂದು ಹೆಚ್ಚಿದಷ್ಟೂ ಅಲುಗಾಟಕ್ಕೆ ದಾರಿಯೂ ಒಂದು ಹೆಚ್ಚು. 16 ಇಂಚು ಚಕ್ರದ ಮಾಮೂಲಿ ಬ್ರಾಂಪ್ಟನ್‌ನಲ್ಲಿ ಲೋ, ಮಿಡ್, ಹೈ ಎಂದು ಮೂರು ಹ್ಯಾಂಡಲ್. ನೆಲದಿಂದ ಸುಮಾರು 935, 1015, 1075 ಮಿ.ಮೀ. ಫ್ರೇಮ್ ಮಾತ್ರ ಎಲ್ಲರಿಗೂ ಒಂದೇ ಅಳತೆ.

ಹ್ಯಾಂಡಲ್ ಆರಿಸುವ ಮೊದಲು ಸೀಟು ಸರಿಮಾಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸು ಬಾಗಿರುತ್ತದೆ. ಮಡಚಿದಾಗಲೆಲ್ಲ ಸೀಟಿನ ಕಂಬ ಕೆಳಗಿಳಿಯಲೇಬೇಕು, ಮಡಿಕೆಗೆ ಬೀಗವೇ ಅದು. ಹಾಗಾಗಿ ಎತ್ತರ ಪ್ರತಿಸಲ ತಪ್ಪುತ್ತದೆ. ಕಂಬ ಮೇಲೇರುವ ಮಿತಿಯನ್ನು ಹಿಡಿದಿಡುವ ಪ್ಲಾಸ್ಟಿಕ್ ತುಂಡು ಸಿಗುತ್ತದೆ, ಹಾಕಿಸಿಕೊಳ್ಳಿ. ಕಂಬಕ್ಕೆ ಗ್ರೀಸ್ ಹಚ್ಚಬೇಡಿ. ಓಡಿಸುತ್ತಿರುವಾಗಲೇ ಸೀಟು ಮೆಲ್ಲಗೆ ಕುಸಿಯುವುದು ಬಹಳ ಸಲ ಅದರಿಂದಲೇ.

ಕೈ ಜೋಮು ಹಿಡಿದರೆ ಹ್ಯಾಂಡಲನ್ನೇ ಬೈಯಬೇಡಿ. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ. ಮೂತಿ ಸಮಮಟ್ಟಕ್ಕೆ ತಂದು ನೋಡಿ. ಹ್ಯಾಂಡಲ್ ತೀರಾ ದೂರ ಅನ್ನಿಸಿದರೆ ಸೀಟಿನಡಿಯ ಕ್ಲ್ಯಾಂಪ್ ತಿರುಗಿಸಿ ಸೀಟನ್ನು ಮುಂದೆ ತರಬಹುದು.

ಮಿಡ್ ಹ್ಯಾಂಡಲ್ ಬಾಗಿರುವುದರಿಂದ, ಬೋಲ್ಟು ಸಡಿಲಿಸಿ ಹಿಂದೆ ಮುಂದೆ ತುಸು ಹೊರಳಿಸಲು ಅವಕಾಶವಿದೆ. ಸಿಗುವುದು ಅಲ್ಪ, ಆದರೂ ಮಣಿಕಟ್ಟಿಗೆ ಗೊತ್ತಾಗುತ್ತದೆ. ಬ್ರೇಕ್ ಲಿವರ್‌ಗಳನ್ನು ಮುಂಗೈಯ ನೇರಕ್ಕೆ ಕೂರಿಸಿ. ಬಿಗಿದ ಮೇಲೆ ಸೈಕಲ್ ಮಡಚಿ ನೋಡದೆ ಬಿಡಬೇಡಿ: ಲಿವರ್ ನೆಲಕ್ಕೋ ಚಕ್ರಕ್ಕೋ ತಾಗಿದರೆ ಹೊರಳಿಸಿದ್ದು ಹೆಚ್ಚಾಯಿತು. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಕೇಬಲ್ ಬಿಗಿಯಬಾರದು.

ಬಹುಪಾಲು ಜನರಿಗೆ ಮಿಡ್ ಸಾಕು. ಕುತ್ತಿಗೆ, ಸೊಂಟ ಬಗ್ಗದವರಿಗೆ ಹೈ. ಲೋ ಚುರುಕಾಗಿದೆ, ಎದುರುಗಾಳಿಯಲ್ಲಿ ಅದೇ ಸುಖ. ಆದರೆ ಮುಂದೆ ತಗುಲಿಸುವ ಎತ್ತರದ ಬ್ಯಾಗು ಹ್ಯಾಂಡಲಿಗೆ ಅಡ್ಡ ಬರುತ್ತದೆ. ಆಮೇಲೆ ಮನಸ್ಸು ಬದಲಾದರೆ ಹ್ಯಾಂಡಲ್ ಒಂದೇ ಅಲ್ಲ, ಅದರ ಅಳತೆಗೆ ತಕ್ಕ ಕೇಬಲ್‌ಗಳನ್ನೂ ಕೊಳ್ಳಬೇಕಾಗುತ್ತದೆ.