ಕ್ಯಾಸಿಯೋ ಎಫ್-91ಡಬ್ಲ್ಯೂ: ಟ್ರ್ಯಾಕಲ್ಲಿ ಓಡೋರಿಗೆ ಈ ವಾಚು ಹೇಗೆ

ಹೋದ ತಿಂಗಳು ಅಕ್ಕನ ಮಗನಿಗೆ ಒಂದು ವಾಚ್ ಕೊಡಿಸ್ದೆ. ಒಂಬತ್ತನೇ ಕ್ಲಾಸು, ಈಗಷ್ಟೇ 1500 ಮೀಟರ್ ಓಡೋಕೆ ಶುರು ಮಾಡಿದಾನೆ, ಮಾಮ ನಂಗೆ ಜಿಪಿಎಸ್ ವಾಚ್ ಬೇಕು ಅಂತ ಎರಡು ತಿಂಗಳಿಂದ ಹಿಂದೆ ಬಿದ್ದಿದ್ದ. ನಾನು ಕೊಡ್ಸಿದ್ದು ಕ್ಯಾಸಿಯೋ ಎಫ್-91ಡಬ್ಲ್ಯೂ. ಡಬ್ಬಿ ತೆಗೆದು ನೋಡಿ ಅವನ ಮುಖ ಸಪ್ಪಗಾಯ್ತು, ಇದು ತಾತನ ವಾಚ್ ಥರ ಇದೆ ಅಂದ. ಅವನಿಗೆ ಅಲ್ಲೇ ನಿಂತು ಹೇಳೋಕಾಗದೇ ಇದ್ದಿದ್ದನ್ನ ಇಲ್ಲಿ ಬರೀತಿದೀನಿ, ಟ್ರ್ಯಾಕಲ್ಲಿ 1500, 5000, 10000 ಓಡೋ ಹುಡುಗ್ರು ಹುಡುಗೀರು ಯಾರಾದ್ರೂ ಓದಿದ್ರೆ ಉಪಯೋಗ ಆಗ್ಲಿ ಅಂತ.

ನನ್ನ ಮೊದಲ್ನೇ ಎಫ್-91ಡಬ್ಲ್ಯೂ ಅಪ್ಪ 2009ರಲ್ಲಿ ಮೈಸೂರಿನ ಸಯ್ಯಾಜಿ ರಾವ್ ರೋಡಲ್ಲಿ ತೆಗೆಸಿಕೊಟ್ಟಿದ್ದು. ಕಾಲೇಜಿಗೆ ಸೇರಿದ ವರ್ಷ. ಆ ವಾಚು ಇವತ್ತಿಗೂ ನಡೀತಿದೆ, ಬ್ಯಾಟರಿ ಎರಡು ಸಲ ಹಾಕ್ಸಿದೀನಿ ಅಷ್ಟೇ. ಕಂಪನಿಯವ್ರು ಸುಮಾರು 7 ವರ್ಷ ಬರುತ್ತೆ ಅಂತಾರೆ, ನನಗೂ ಹತ್ತಿರ ಹತ್ತಿರ ಅಷ್ಟೇ ಬಂತು. ಸಿಆರ್2016 ಅನ್ನೋ ಸಣ್ಣ ಸೆಲ್ಲು, ಯಾವ ವಾಚ್ ರಿಪೇರಿ ಅಂಗಡೀಲೂ ಸಿಗುತ್ತೆ, ಹಿಂದೆ ಇರೋ ನಾಲ್ಕು ಸ್ಕ್ರೂ ಬಿಚ್ಚಿ ಐದು ನಿಮಿಷದಲ್ಲಿ ಹಾಕ್ಕೊಡ್ತಾರೆ. ಈ ಮಾಡೆಲ್ ಬಂದಿದ್ದು 1989ರಲ್ಲಿ, ಅಂದ್ರೆ ನನ್ನ ವಯಸ್ಸಿನ ಆಸುಪಾಸು, ಅವತ್ತಿಂದ ಇವತ್ತಿನವರೆಗೆ ಹೆಚ್ಚುಕಮ್ಮಿ ಅದೇ ರೂಪ. ತೂಕ 21 ಗ್ರಾಂ. ಕೈಗೆ ಕಟ್ಟಿರೋದು ಮರ್ತೇ ಹೋಗುತ್ತೆ, 10000 ಮೀಟರಲ್ಲಿ 20ನೇ ಲ್ಯಾಪ್, ಅಂದ್ರೆ ಟ್ರ್ಯಾಕಿನ 20ನೇ ಸುತ್ತಿನ ಹೊತ್ತಿಗೆ ಮೈಮೇಲಿರೋ ಬನಿಯನ್ನೂ ಭಾರ ಅನ್ಸೋವಾಗ ಅದು ಎಷ್ಟು ದೊಡ್ಡ ವಿಷ್ಯ ಅಂತ ಓಡಿದೋರಿಗೆ ಗೊತ್ತು.

ಸ್ಟಾಪ್‌ವಾಚ್ ಹೇಗೆ ಅಂದ್ರೆ, ಎಡಗಡೆ ಕೆಳಗಿನ ಬಟನ್ ಎರಡು ಸಲ ಒತ್ತಿದ್ರೆ ಅಲಾರಂ ದಾಟಿ ಸ್ಟಾಪ್‌ವಾಚಿಗೆ ಬರುತ್ತೆ. ಬಲಗಡೆ ಬಟನ್ ಒತ್ತಿದ್ರೆ ಶುರು, ಮತ್ತೆ ಒತ್ತಿದ್ರೆ ನಿಲ್ಲುತ್ತೆ. ಓಡ್ತಾ ಇರೋವಾಗ ಎಡಗಡೆ ಮೇಲಿನ ಬಟನ್ ಒತ್ತಿದ್ರೆ ಸ್ಪ್ಲಿಟ್, ಅಂದ್ರೆ ಅಲ್ಲಿವರೆಗಿನ ಟೈಮ್, ಸ್ಕ್ರೀನ್ ಮೇಲೆ ಬಂದು ನಿಲ್ಲುತ್ತೆ, ಒಳಗೆ ಟೈಮ್ ಓಡ್ತಾನೇ ಇರುತ್ತೆ, ಇನ್ನೊಂದ್ಸಲ ಒತ್ತಿದ್ರೆ ಓಡ್ತಿರೋ ಟೈಮಿಗೆ ವಾಪಸ್. ಸೆಕೆಂಡಿನ ನೂರನೇ ಒಂದು ಭಾಗದವರೆಗೂ ತೋರ್ಸುತ್ತೆ. ಬಟನ್ನುಗಳು ಸಣ್ಣವು, ಬೆವರಿದ ಬೆರಳಲ್ಲಿ ಒತ್ತೋಕೆ ಮೊದಮೊದ್ಲು ಕಷ್ಟ ಅನ್ಸುತ್ತೆ, ಆದ್ರೆ ಅದೇ ಕಾರಣಕ್ಕೆ ಸ್ಟಾರ್ಟಿಂಗ್ ಲೈನಲ್ಲಿ ಮೊಣಕೈ ಮೊಣಕೈ ತಾಗೋವಾಗ ತಾನಾಗೇ ನಿಂತು ಹೋಗಲ್ಲ. ಇಷ್ಟೇ. ಲ್ಯಾಪ್ ನೆನಪಿಟ್ಕೊಳಲ್ಲ, ದೂರ ಹೇಳಲ್ಲ, ಎದೆಬಡಿತ ಹೇಳಲ್ಲ. ರೇಸ್ ಮುಗಿಸಿ ರೀಸೆಟ್ ಮಾಡಿದ್ರೆ ಆ ಓಟ ವಾಚಿಂದ ಹೋಯ್ತು ಅಂತಲೇ ಲೆಕ್ಕ. ಅದಕ್ಕೇ ನನ್ನ ಹತ್ರ ನೂರು ಪೇಜಿನ ನೋಟ್‌ಬುಕ್ಕುಗಳು ಇವೆ, ಒಂದೊಂದು ಬೇಸಿಗೆಗೆ ಒಂದೊಂದು, ರೂಮಿಗೆ ಬಂದ ತಕ್ಷಣ ಸ್ನಾನಕ್ಕೂ ಮುಂಚೆ ಬರೀತಿದ್ದೆ.

ಆ ಬೇಸಿಗೆಗಳ ಬಗ್ಗೆ ಹೇಳ್ದೆ ಈ ವಾಚ್ ಬಗ್ಗೆ ಹೇಳೋಕೆ ನನ್ನ ಕೈಲಿ ಆಗಲ್ಲ. ಏಪ್ರಿಲ್ ಮೇ ಅಂದ್ರೆ ಬೇರೆಯವ್ರಿಗೆ ರಜೆ, ನಮಗೆ ಕ್ಯಾಂಪು. ಬೆಳಿಗ್ಗೆ ಐದಕ್ಕೆ ಎದ್ದು, ಒಂದು ಲೋಟ ರಾಗಿ ಅಂಬಲಿ ಕುಡ್ದು, ವಾರದಲ್ಲಿ ಒಂದಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಈಸಿ ರನ್, ಒಂದಿನ ಚಾಮುಂಡಿ ಬೆಟ್ಟದ ರೋಡು, ಎರಡು ದಿನ ಮಣ್ಣಿನ ಟ್ರ್ಯಾಕಲ್ಲಿ ಇಂಟರ್ವಲ್, ಅಂದ್ರೆ ನಡುನಡುವೆ ರೆಸ್ಟ್ ತಗೊಂಡು ಜೋರಾಗಿ ಓಡೋದು. ಸುಣ್ಣದ ಪುಡೀಲಿ ಗೆರೆ ಎಳೆದಿರೋರು, ಏಳೂವರೆ ಹೊತ್ತಿಗೆ ಬಿಸಿಲು ಬಂದು ಆ ಗೆರೆ ಕಣ್ಣಿಗೆ ಚುಚ್ಚೋದು. ನಮ್ಮ ಕೋಚ್ ಸರ್ ಅವ್ರದ್ದು ಒಂದು ಕಟ್ಟುನಿಟ್ಟು ಇತ್ತು, 400 ಓಡಿ ಮುಗಿಸಿದ ಮೇಲೆ ವಾಚ್ ನೋಡೋಕೆ ಮೊದ್ಲು ಟೈಮ್ ಬಾಯಲ್ಲಿ ಹೇಳ್ಬೇಕು. ಬಲಗೈಯಿಂದ ವಾಚ್ ಮುಚ್ಕೊಂಡೇ ಬಟನ್ ಒತ್ತಿ ನಿಲ್ಲಿಸ್ಬೇಕು, ಮಂಡಿ ಮೇಲೆ ಕೈ ಊರಿ ಬಗ್ಗಿರೋವಾಗಲೇ ಸರ್ ಕೇಳೋರು.

"ಎಷ್ಟು ಬಂತೋ?"

"ಎಪ್ಪತ್ತೆರಡು ಸರ್."

"ತೋರ್ಸು."

79.3. ಏಳು ಸೆಕೆಂಡ್ ವ್ಯತ್ಯಾಸ. ಮೊದಲ್ನೇ ಬೇಸಿಗೆ ಪೂರ್ತಿ ಹೀಗೇ, ದಣಿವು ಜಾಸ್ತಿ ಆದಷ್ಟೂ ನಾನು ವೇಗವಾಗಿ ಓಡ್ತಿದೀನಿ ಅಂತ ಅನ್ಸೋದು, ನಿಜಕ್ಕೂ ನಿಧಾನ ಆಗ್ತಿರ್ತಿದ್ದೆ. ಬಿಸಿಲಲ್ಲಿ ಇದು ಇನ್ನೂ ಮೋಸ ಮಾಡುತ್ತೆ, ಮೈ ತಣ್ಣಗಾಗೋಕೆ ಅಂತ ರಕ್ತ ಚರ್ಮದ ಕಡೆ ಹೋಗುತ್ತೆ, ಕಾಲಿಗೆ ಕಮ್ಮಿ ಸಿಗುತ್ತೆ, ಅದೇ ಶ್ರಮಕ್ಕೆ ಪೇಸ್ ಬೀಳುತ್ತೆ. ಎರಡನೇ ಬೇಸಿಗೆ ಹೊತ್ತಿಗೆ ನಾನು ಹೇಳಿದ್ದಕ್ಕೂ ವಾಚಿಗೂ ಎರಡು ಸೆಕೆಂಡ್, ಮೂರನೇ ಬೇಸಿಗೆಗೆ ಒಂದು ಸೆಕೆಂಡಿನ ಒಳಗೆ ಬಂದಿತ್ತು. ಕಾಲು ನೆಲಕ್ಕೆ ಬೀಳೋ ಶಬ್ದದಲ್ಲೇ 76 ಯಾವ್ದು 78 ಯಾವ್ದು ಅಂತ ಗೊತ್ತಾಗ್ತಿತ್ತು. ಪ್ರತಿ ಹೆಜ್ಜೆಗೂ ಪೇಸ್ ಹೇಳೋ ವಾಚ್ ಕೈಲಿದ್ದಿದ್ರೆ ನಾನು ಇದನ್ನ ಕಲೀತಾನೇ ಇರ್ಲಿಲ್ಲ, ಇದು ನನ್ನ ಗಟ್ಟಿ ನಂಬಿಕೆ.

ಇದರ ನಿಜವಾದ ಬೆಲೆ ಗೊತ್ತಾಗಿದ್ದು 2011ರ ಏಪ್ರಿಲಲ್ಲಿ, ಒಂದು ಮೀಟಲ್ಲಿ, ಯಾವ ಮೀಟು ಅಂತ ಹೇಳೋದು ಬೇಡ. 10000 ಮೀಟರ್, 25 ಲ್ಯಾಪು. ನನ್ನ ಟಾರ್ಗೆಟ್ ಲ್ಯಾಪಿಗೆ 78 ಸೆಕೆಂಡು. ಅಂದ್ರೆ 5 ಲ್ಯಾಪಿಗೆ 6:30, 10ಕ್ಕೆ 13:00, 15ಕ್ಕೆ 19:30, 20ಕ್ಕೆ 26:00, ಮುಗಿಯೋವಾಗ 32:30. ಎಡಗೈ ಅಂಗೈ ಮೇಲೆ ಬಾಲ್ ಪೆನ್ನಲ್ಲಿ ಬರ್ಕೊಂಡಿದ್ದೆ, ಹತ್ತನೇ ಲ್ಯಾಪಿಗೆಲ್ಲ ಬೆವರಿಗೆ ಅಳಿಸಿಹೋಯ್ತು, ಆದ್ರೆ ಬಾಯಿಪಾಠ ಆಗಿತ್ತು. ಮುಂದೆ ಓಡ್ತಿದ್ದವ್ರು ನಮಗಿಂತ ಬಹಳ ಗಟ್ಟಿಗರು, 74ರಲ್ಲಿ ಹೋಗ್ತಿದ್ರು, ಸುಮಾರು 20ನೇ ಲ್ಯಾಪ್ ಹತ್ರ ನಮ್ಮನ್ನ ಒಂದು ರೌಂಡ್ ಹಾಕಿ ದಾಟಿ ಹೋದ್ರು. ಅಲ್ಲಿಂದ ಲ್ಯಾಪ್ ಲೆಕ್ಕ ಹಾಕ್ತಿದ್ದವ್ರಿಗೆ ಗೊಂದಲ ಶುರುವಾಯ್ತು. ಲೀಡರಿಗೆ ಕೊನೇ ಲ್ಯಾಪ್ ಅಂತ ಬೆಲ್ ಹೊಡೆದ್ರು, ಸರಿ. ಹದಿನೆಂಟು ಇಪ್ಪತ್ತು ಸೆಕೆಂಡ್ ಆದ್ಮೇಲೆ ನಾನೂ ಇನ್ನೊಂದು ಕಾಲೇಜಿನ ಹುಡುಗನೂ ಜೊತೆಜೊತೆಗೆ ಲೈನ್ ದಾಟಿದ್ವಿ, ನಮಗೂ ಬೆಲ್ ಹೊಡೆದು ಕೊನೇದು ಕೊನೇದು ಅಂತ ಕೂಗಿದ್ರು.

ನಾನು ವಾಚ್ ನೋಡ್ದೆ. 29:56. 20 ಲ್ಯಾಪಿಗೆ 26:02 ನೋಡಿದ್ದೆ, ಅಲ್ಲಿಂದ ಮೂರು ಲ್ಯಾಪ್ ಆಗಿದೆ. 23 ಆಯ್ತು, ಇನ್ನೂ ಎರಡಿದೆ. 31:12ರ ಹತ್ರ ಹೊಡೀಬೇಕಾದ ಬೆಲ್ಲನ್ನ ನಮಗೆ ಒಂದು ಲ್ಯಾಪ್ ಮುಂಚೆ ಹೊಡೆದಿದಾರೆ. ಪಕ್ಕದವನು ಬೆಲ್ ಕೇಳಿದ್ದೇ ಸ್ಪ್ರಿಂಟ್ ಎತ್ತಿದ, ನಾನು ನನ್ನ 78ರಲ್ಲೇ ಹೋದೆ. ಅವನು ಲೈನ್ ದಾಟಿ ಹುಲ್ಲಿನ ಮೇಲೆ ಬಿದ್ದ, ನಾನು ಅವನನ್ನ ದಾಟಿ ಮುಂದೆ ಹೋದೆ, ಒಬ್ಬರು ಕೈ ಅಡ್ಡ ಹಿಡಿದು ನಿಲ್ಸೋಕೆ ಬಂದ್ರು, ಒಂದು ಬೆರಳೆತ್ತಿ ತೋರಿಸಿ ಓಡ್ದೆ. 32:27. ಆಮೇಲೆ ರೆಫರಿ ಲ್ಯಾಪ್ ಶೀಟ್ ತರಿಸಿ ನೋಡಿದ್ರು, ನನ್ನ ಲೆಕ್ಕ ಸರಿ ಇತ್ತು, ಆರನೇ ಸ್ಥಾನ ಕೊಟ್ರು. ಆ ಹುಡುಗನಿಗೆ ಓಟ ಮುಗಿಸಿಲ್ಲ ಅಂತ ಬರೆದ್ರು. 23ನೇ ಲ್ಯಾಪಲ್ಲಿ ಅವನಿಗೆ ಕೂಗಿ ಹೇಳೋಕೆ ನನ್ನ ಹತ್ರ ಉಸಿರಿರ್ಲಿಲ್ಲ ಅಂತ ಆಗ ಸಮಾಧಾನ ಮಾಡ್ಕೊಂಡೆ. ಎರಡು ಮಾತು ಹೇಳ್ಬಹುದಿತ್ತು, ಇನ್ನೂ ಇದೆ ಅಂತ. ಅದು ಇವತ್ತಿಗೂ ಚುಚ್ಚುತ್ತೆ.

ರೋಡ್ ರೇಸಿಗೆ ಬಂದ್ರೆ, ಬೆಂಗಳೂರಿನ ವರ್ಲ್ಡ್ 10ಕೆ 2008ರಿಂದ ನಡೀತಿದೆ, ನಾನು ಆರು ಸಲ ಓಡಿದೀನಿ, ಆಗ ಹೆಚ್ಚಾಗಿ ಮೇ ತಿಂಗಳಲ್ಲಿ ಇರೋದು. ಹಿಂದಿನ ಸಂಜೆ ಗುಡುಗು ಮಳೆ ಬಂದು ಬೆಳಿಗ್ಗೆ ಕಬ್ಬನ್ ಪಾರ್ಕ್ ರೋಡೆಲ್ಲಾ ಒದ್ದೆ, ಮರದಿಂದ ಹನಿ ತೊಟ್ಟಿಕ್ತಾ ಇರೋದು, ತಂಪು ಅನ್ಸಿದ್ರೂ ಗಾಳೀಲಿ ತೇವ ಇರೋದ್ರಿಂದ ಬೆವರು ಆರ್ತಾನೇ ಇರ್ಲಿಲ್ಲ. 2014ರಲ್ಲಿ ಕೀನ್ಯಾದ ಜೆಫ್ರಿ ಕಮ್ವೊರೊರ್ 27:44ಕ್ಕೆ ಗೆದ್ದ ವರ್ಷ ನಾನು 32:41 ಓಡ್ದೆ, ರೋಡಲ್ಲಿ ಅದೇ ನನ್ನ ಬೆಸ್ಟು. ಮನೆಗೆ ಬಂದು ಲೆಕ್ಕ ಹಾಕ್ದೆ, ನನ್ನ ವಾಚಲ್ಲಿ 27:44 ಆಗಿದ್ದಾಗ ನಾನಿನ್ನೂ ಎಂಟೂವರೆ ಕಿಲೋಮೀಟರ್ ಹತ್ರ ಇದ್ದೆ. ಆ ಕೋರ್ಸ್ ರೆಕಾರ್ಡ್ 2022ರಲ್ಲಿ ನಿಕೊಲಸ್ ಕಿಮೆಲಿ 27:38ಕ್ಕೆ ಇಳಿಸಿದ್ರು. ನಮ್ಮವ್ರ ವಿಷ್ಯಕ್ಕೆ ಬಂದ್ರೆ, 10000 ಮೀಟರಲ್ಲಿ ಸುರೇಂದ್ರ ಸಿಂಗ್ ಅವ್ರ 28:02.89 ಅನ್ನೋ ರಾಷ್ಟ್ರೀಯ ದಾಖಲೆ 2008ರಿಂದ ಹಾಗೇ ಇತ್ತು, ನಾನು ಓಡ್ತಿದ್ದ ಅಷ್ಟೂ ಬೇಸಿಗೆ ಆ ನಂಬರ್ ಕಲ್ಲಲ್ಲಿ ಕೆತ್ತಿದ ಹಾಗೆ ಕಾಣ್ತಿತ್ತು, ಗುಲ್ವೀರ್ ಸಿಂಗ್ 2024ರಲ್ಲಿ ಅದನ್ನ ಮುರಿದು 2025ರ ಮಾರ್ಚಲ್ಲಿ 27:00.22ಕ್ಕೆ ತಂದ್ರು. ಆ ಸುದ್ದಿ ಬಂದ ದಿನ ನಾನು ಹಳೇ ನೋಟ್‌ಬುಕ್ಕೆಲ್ಲಾ ತೆಗೆದು ಕೂತಿದ್ದೆ. 27:00 ಅಂದ್ರೆ ಲ್ಯಾಪಿಗೆ 65 ಸೆಕೆಂಡಿಗೂ ಕಮ್ಮಿ. ನಾನು ಒಂದೇ ಒಂದು ಲ್ಯಾಪ್ ಹಾಗೆ ಓಡಿದ್ರೆ ಅವತ್ತು ಸರ್ ಹತ್ರ ಶಭಾಷ್ ಸಿಗೋದು, ಅವ್ರು ಬಿಡದೇ 25 ಓಡಿದಾರೆ.

ವಾಚಲ್ಲಿ ಇಲ್ದೇ ಇರೋದನ್ನೂ ಹೇಳ್ತೀನಿ, ತಗೊಂಡ್ಮೇಲೆ ಬೇಜಾರಾಗ್ಬಾರ್ದು. ಸ್ಟಾಪ್‌ವಾಚ್ 59 ನಿಮಿಷ 59.99 ಸೆಕೆಂಡ್ ವರೆಗೆ ಮಾತ್ರ, ಹಾಫ್ ಮ್ಯಾರಥಾನ್ ಓಡೋರಿಗೆ ಇದು ಸಾಲಲ್ಲ, ನಾನು ಅಂಥ ರೇಸಲ್ಲಿ ಶುರುವಾದ ಗಂಟೆ ನೆನಪಿಟ್ಕೊಂಡು ಮಾಮೂಲಿ ಟೈಮ್ ನೋಡ್ಕೊಂಡೇ ಓಡ್ತಿದ್ದೆ. ಕೌಂಟ್‌ಡೌನ್ ಟೈಮರ್ ಇಲ್ಲ, ಹಾಗಾಗಿ ಇಂಟರ್ವಲ್ ನಡುವಿನ ಒಂದು ನಿಮಿಷದ ರೆಸ್ಟ್ ನೀವೇ ಎಣಿಸ್ಬೇಕು. ಲೈಟು ಎಡಗಡೆ ಒಂದು ಮೂಲೇಲಿ ಹಸಿರಾಗಿ ಮಿಣುಕುತ್ತೆ, ಬೆಳಿಗ್ಗೆ ಐದರ ಕತ್ತಲಲ್ಲಿ ಓಡ್ತಾ ಸೆಕೆಂಡ್ ಓದೋದು ಕಷ್ಟ, ಬೀದಿ ದೀಪದ ಕೆಳಗೆ ಬಂದಾಗ ನೋಡ್ಬೇಕು. ಮಳೆ, ಬೆವರು, ತಲೆ ಮೇಲೆ ಸುರ್ಕೊಳೋ ನೀರು ಇದೆಲ್ಲಾ ತಡ್ಕೊಳುತ್ತೆ ಆದ್ರೆ ಈಜೋಕೆ ಮಾಡಿದ್ದಲ್ಲ. ತಿಂಗಳಿಗೆ 30 ಸೆಕೆಂಡ್ ಹಿಂದೆ ಮುಂದೆ ಆಗ್ಬಹುದು ಅಂತ ಕಂಪನಿಯವ್ರೇ ಬರೆದಿದಾರೆ, ಅರ್ಧ ಗಂಟೆ ಓಟದಲ್ಲಿ ಅದು ಲೆಕ್ಕಕ್ಕೇ ಬರಲ್ಲ. ಇನ್ನೊಂದು, ಫೆಬ್ರವರಿಗೆ 28 ದಿನ ಅಂತಷ್ಟೇ ಇದಕ್ಕೆ ಗೊತ್ತು, ನಾಲ್ಕು ವರ್ಷಕ್ಕೊಂದ್ಸಲ ತಾರೀಖು ನಾವೇ ಸರಿ ಮಾಡ್ಬೇಕು.

ಜಿಪಿಎಸ್ ವಾಚ್ ನನ್ನ ಹತ್ರಾನೂ ಇದೆ, 2018ರಿಂದ. ಭಾನುವಾರದ 25 ಕಿಲೋಮೀಟರ್ ಲಾಂಗ್ ರನ್ನಿಗೆ, ಗೊತ್ತಿಲ್ಲದ ಊರಿಗೆ ಹೋದಾಗ, ಮ್ಯಾರಥಾನ್ ಟ್ರೈನಿಂಗಿಗೆ ಅದೇ ಸರಿ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ 400 ಮೀಟರ್ ಟ್ರ್ಯಾಕಲ್ಲಿ ತಿರುವು ಬೇಗ ಬೇಗ ಬರುತ್ತೆ, ದಟ್ಟ ಮರದ ಕೆಳಗೆ ಸಿಗ್ನಲ್ ಕಮ್ಮಿ ಆಗುತ್ತೆ, ಅದು ತೋರ್ಸೋ ಪೇಸು ಅತ್ತಿಂದಿತ್ತ ಕುಣಿಯುತ್ತೆ. ಟ್ರ್ಯಾಕಲ್ಲಿ ದೂರ ಅಳೆದು ಗೆರೆ ಹಾಕಿಟ್ಟಿದಾರೆ, ಮತ್ತೆ ಅದನ್ನ ಆಕಾಶದಿಂದ ಅಳೆಸೋದು ಯಾಕೆ? ನಮಗೆ ಬೇಕಾಗಿರೋದು ಟೈಮ್ ಒಂದೇ.

ತಗೊಳೋವಾಗ ಒಂದು ಎಚ್ಚರಿಕೆ, ಇದನ್ನ ದಯವಿಟ್ಟು ಓದಿ. ಈ ಮಾಡೆಲಿನ ನಕಲು ಎಲ್ಲಾ ಕಡೆ ಇದೆ. ಅಕ್ಕನ ಮಗನಿಗೆ ಅಂತ ನಾನು ಮೊದ್ಲು ಆನ್‌ಲೈನಲ್ಲಿ ಒಬ್ಬ ಸೆಲ್ಲರ್ ಹತ್ರ ತರಿಸಿದ್ದು ನಕಲಿ ಬಂತು. ಗೊತ್ತಾಗಿದ್ದು ಹೇಗೆ ಅಂದ್ರೆ, ಮಾಮೂಲಿ ಟೈಮ್ ತೋರ್ಸೋವಾಗ ಬಲಗಡೆ ಬಟನ್ ಮೂರು ಸೆಕೆಂಡ್ ಒತ್ತಿ ಹಿಡೀಬೇಕು, ಅಸಲಿ ವಾಚಲ್ಲಿ ಸ್ಕ್ರೀನ್ ಮೇಲೆ ಕ್ಯಾಸಿಯೋ ಅಂತ ಇಂಗ್ಲಿಷ್ ಅಕ್ಷರದಲ್ಲಿ ಮೂಡುತ್ತೆ. ಅದರಲ್ಲಿ ಏನೂ ಬರ್ಲಿಲ್ಲ, ಪಕ್ಕದಲ್ಲಿ ನನ್ನ ಹಳೇ ವಾಚ್ ಇಟ್ಟು ಎರಡೂ ಒಟ್ಟಿಗೆ ಶುರು ಮಾಡಿ ಅರ್ಧ ಗಂಟೆ ಬಿಟ್ಟೆ, ನಾಲ್ಕು ಸೆಕೆಂಡ್ ಹಿಂದೆ ಬಿದ್ದಿತ್ತು. ವಾಪಸ್ ಕಳಿಸಿ ದುಡ್ಡು ಬರೋಕೆ ಮೂರು ವಾರ ಆಯ್ತು. ಆಮೇಲೆ ಬಿಲ್ಲು, ವಾರಂಟಿ ಕಾರ್ಡು ಕೊಡೋ ಅಂಗಡಿಗೆ ನಾನೇ ಹೋಗಿ, ಕೌಂಟರಲ್ಲೇ ಬಟನ್ ಒತ್ತಿ ನೋಡಿ, ಸಾವಿರ ಚಿಲ್ಲರೆ ಕೊಟ್ಟು ತಗೊಂಡೆ.

ಹೋದ ಭಾನುವಾರ ಅವನನ್ನ ಗ್ರೌಂಡಿಗೆ ಕರ್ಕೊಂಡು ಹೋಗಿದ್ದೆ. ಆರು 400, ನಡುವೆ ಎರಡೆರಡು ನಿಮಿಷ ರೆಸ್ಟು. ಮೊದಲ್ನೇದು ಮುಗಿಸಿ ಬಂದ, ವಾಚ್ ಮುಚ್ಕೊಳೋ ಅಂದೆ, ಎಷ್ಟು ಬಂತು ಹೇಳು ಅಂದೆ. ಎಪ್ಪತ್ತೈದು ಮಾಮ ಅಂದ. 84.6 ಇತ್ತು. ನಂಬ್ಲಿಲ್ಲ, ವಾಚ್ ಸರಿ ಇಲ್ಲ ಅಂದ, ನನ್ನ ಕೈಲಿದ್ದ ಹಳೇದನ್ನ ತೋರಿಸ್ದೆ, ಅದ್ರಲ್ಲೂ 84 ಚಿಲ್ಲರೆ. ಸುಮ್ನೆ ನೀರು ಕುಡ್ದು ಮತ್ತೆ ಲೈನಿಗೆ ಹೋದ. ಐದನೇದಕ್ಕೆ 83 ಅಂದ, 85.9 ಬಂತು. ಆರನೇದು ಮುಗಿಸಿ ಬಗ್ಗಿ ನಿಂತ್ಕೊಂಡು ಕೈ ತೆಗೀದೇನೇ, 87 ಮಾಮ, ಕೊನೆ ನೂರು ಮೀಟರಲ್ಲಿ ಕಾಲು ಬಿದ್ದು ಹೋಯ್ತು ಅಂದ. 87.2. ಈ ಭಾನುವಾರ ಎಷ್ಟು ಗಂಟೆಗೆ ಹೋಗೋಣ ಅಂತ ಬುಧವಾರವೇ ಫೋನ್ ಮಾಡಿದ್ದ.